ಆಯಿಗೆ ಡಾಕ್ಟರ ನಂಬರು ಸಿಗುತ್ತಿಲ್ಲ: ಶಿರಸಿ, ಕುಮಟಾ ಕಡೆಯವರು ಹೇಗೆ ಮಾಡುತ್ತೀರಿ?

ಸೋಂದೆ ಹೊಳೆ | ಸೋಮವಾರ ಬೆಳಿಗ್ಗೆ 10:41

ಈಗಷ್ಟೇ ಫೋನ್ ಕೆಳಗಿಟ್ಟೆ. ಆಯಿಯನ್ನು ಡಾಕ್ಟರಿಗೆ ತೋರಿಸುವ ಸರದಿಯ ನಂಬರು ಬರೆಸಲೆಂದು ಹತ್ತಕ್ಕೆ ಸರಿಯಾಗಿ ಹಚ್ಚಲು ಶುರು ಮಾಡಿದ್ದು, ಮೂವತ್ತೇಳನೇ ಸಲಕ್ಕೆ ರಿಂಗಾಯಿತು. ಎತ್ತಿದ ಹುಡುಗಿ ಪಾಪ, ಸಮಾಧಾನದಿಂದಲೇ ಹೇಳಿದಳು: "ಈ ತಿಂಗಳದ್ದು ತುಂಬಿತು ಅಕ್ಕಾ, ಮುಂದಿನ ತಿಂಗಳು ಮೊದಲ ಸೋಮವಾರ ಮಾಡಿ." ಹೋದ ತಿಂಗಳೂ ಇದೇ ಮಾತು, ಬಹುಶಃ ಇದೇ ಹುಡುಗಿ.

ವಿಷಯ ಹೇಳುತ್ತೇನೆ. ಆಯಿಗೆ, ಅಂದರೆ ನನ್ನ ಅಮ್ಮನಿಗೆ, 63. ದೀಪಾವಳಿ ಹೊತ್ತಿಗೆ ಕೈಬೆರಳಿನ ಗಂಟುಗಳು ಬಾತವು. ಬೆಳಿಗ್ಗೆ ಎದ್ದರೆ ಒಂದೂವರೆ ತಾಸು ಮುಷ್ಟಿ ಕಟ್ಟಲಾಗುವುದಿಲ್ಲ. ತೆಳ್ಳೇವು ಎರೆಯುವ ಸೌಟು ಜಾರಿ ಬೀಳುತ್ತದೆ. ನನಗೆ ಬುದ್ಧಿ ಬಂದಾಗಿನಿಂದ ಅಡಕೆ ಸುಲಿಯುವಾಗ ಮೆಟ್ಟುಗತ್ತಿ ಮುಂದೆ ಆಯಿ ಕೂರದ ವರ್ಷ ಇದೊಂದೇ. ಮೊದಲು ತೋರಿಸಿದ ಡಾಕ್ಟರು ವಯಸ್ಸಿನ ವಾತ ಅಂದು ನೋವಿನ ಮಾತ್ರೆ ಕೊಟ್ಟರು. ಎರಡನೆಯವರು ಕೈ ಹಿಡಿದು ನೋಡಿ, ಇದು ಸಂಧಿವಾತದ ಸ್ಪೆಷಲಿಸ್ಟಿಗೇ ತೋರಿಸುವಂಥದ್ದು, ತಡ ಮಾಡಬೇಡಿ ಅಂತ ಚೀಟಿ ಬರೆದರು. ರುಮೆಟಾಲಜಿಸ್ಟ್ ಎಂಬ ಶಬ್ದ ನಾನು ಕೇಳಿದ್ದೇ ಅವತ್ತು.

ಕುಮಟಾ ಬದಿಯ ಒಂದು ಆಸ್ಪತ್ರೆಗೆ ಅಂಥವರೊಬ್ಬರು ತಿಂಗಳಿಗೊಂದು ಭಾನುವಾರ ಬರುತ್ತಾರೆ. ಇಪ್ಪತ್ತೈದು ನಂಬರು. ಹುಬ್ಬಳ್ಳಿಯಲ್ಲೂ ವಿಚಾರಿಸಿದೆ. ಅಲ್ಲಿ ಫೋನಿನಲ್ಲಿ ಬರೆಸುವುದಿಲ್ಲ, ಬೆಳಿಗ್ಗೆ ಏಳಕ್ಕೆ ಬಂದು ಟೋಕನ್ ತೆಗೆದುಕೊಳ್ಳಬೇಕು. ನಮ್ಮೂರಿಂದ ಶಿರಸಿಗೆ ಮೊದಲ ಬಸ್ಸೇ ಆರೂ ಮುಕ್ಕಾಲಿಗೆ. ಶಿರಸಿಯಿಂದ ಹುಬ್ಬಳ್ಳಿ ಮತ್ತೆ ನೂರು ಕಿಲೋಮೀಟರು. ಏಳಕ್ಕೆ ಅಲ್ಲಿರಬೇಕಾದರೆ ಹಿಂದಿನ ದಿನವೇ ಹೋಗಿ ಲಾಡ್ಜಿನಲ್ಲಿರಬೇಕು. ಇಷ್ಟೆಲ್ಲ ಪರದಾಟ ನೋಡಿ ಆಯಿಯದು ಒಂದೇ ಮಾತು: "ಎಂಗೆ ಎಂತೂ ಆಜಿಲ್ಲೆ, ಸುಮ್ನೆ ದುಡ್ಡು ದಂಡ."

ಇಲ್ಲಿ ಯಾರಾದರೂ ಈ ದಾರಿ ತುಳಿದಿದ್ದರೆ ಹೇಳಿ.


ಕೊನೆಕೊಯ್ಲು | ಸೋಮವಾರ ಬೆಳಿಗ್ಗೆ 11:05

ಮೂವತ್ತೇಳಕ್ಕೇ ಸಿಕ್ಕಿತೇ? ಪುಣ್ಯವಂತರು ನೀವು. ನಮ್ಮ ಸಿದ್ದಾಪುರ ಬದಿಯಲ್ಲಿ ಡಾಕ್ಟರ ನಂಬರು ಸಿಗುವುದಕ್ಕಿಂತ ಮೊದಲು ಫೋನಿಗೆ ಸಿಗ್ನಲ್ ಸಿಗಬೇಕು. ಮನೆ ಹಿಂದಿನ ಬೆಟ್ಟ ಹತ್ತಿ ಗೇರುಮರದ ಬುಡದಲ್ಲಿ ನಿಂತರೆ ಎರಡು ಕಡ್ಡಿ ಬರುತ್ತದೆ. ನಮ್ಮಪ್ಪನ ಹೃದಯ ತಪಾಸಣೆಗೆ ನಂಬರು ಹಚ್ಚಲು ನಾನು ಓಡಿ ಹತ್ತಿ, ಫೋನ್ ಎತ್ತಿದವರಿಗೆ ಏದುಸಿರು ಬಿಡುತ್ತ ಹೆಸರು ಹೇಳಿದೆ. "ಪೇಶಂಟ್ ನೀವೇನಾ?" ಅಂತ ಕೇಳಿದರು.


ತದಡಿ ಬಂದರ | ಸೋಮವಾರ ಮಧ್ಯಾಹ್ನ 1:20

ನಮ್ಮದು ಬೇರೇನೇ ಕತೆ ಅಕ್ಕಾ. ಮೀನಿನ ಕೆಲಸದವರಿಗೆ ಪುರಸೊತ್ತು ಸಿಗೂದು ಜೂನ್ 1ರಿಂದ ಜುಲೈ 31ರ ತನಕ, ಬೋಟು ಕಡಲಿಗೆ ಇಳಿಸೂಕಿಲ್ಲ ಅಂತ ಸರ್ಕಾರವೇ ನಿಲ್ಲಿಸಿದಾಗ. ಹರ್ನಿಯಾ, ಮೂಲವ್ಯಾಧಿ, ಹೆಂಗಸರ ಗರ್ಭಕೋಶದ ಆಪರೇಶನ್ನು, ಎಲ್ಲ ಆ ಎರಡು ತಿಂಗಳಿಗೆ ಅಂತ ಇಟ್ಟುಕೊಂಡಿರ್ತಾರೆ. ಬಂದರದವರೆಲ್ಲ ಒಂದೇ ಸಲ ನುಗ್ಗಿದರೆ ಡಾಕ್ಟರು ಎಂತ ಮಾಡೂದು? ಹೋದ ವರ್ಷ ನಮ್ಮಣ್ಣನ ಹರ್ನಿಯಾಕ್ಕೆ ಆಗಸ್ಟ್ 9 ಕೊಟ್ಟರು. ಆಗ ಬೋಟು ಇಳಿದಾಗಿತ್ತು. ಅವ ಹೋಗಲಿಲ್ಲ, ಬೆಲ್ಟ್ ಕಟ್ಟಿಕೊಂಡು ಬಲೆ ಎಳೆಯೂಕೆ ಹೋದ.

ನಿಮ್ಮ ಆಯಿಗೆ ನಮ್ಮಲ್ಲಿ ಒಬ್ಬರು ಪುಡಿ ಕೊಡ್ತಾರೆ. ಎರಡೇ ದಿನಕ್ಕೆ ಬಾವು ಇಳೀತದೆ. ನಮ್ಮತ್ತೆಗೆ ಇಳಿದಿತ್ತು. ಬೇಕಾದರೆ ಕೇಳಿ ಹೇಳ್ತೆ.


ಪಿಎಚ್‌ಸಿ ಡ್ಯೂಟಿ | ಸೋಮವಾರ ಸಂಜೆ 6:50

ಓಪಿಡಿ ಮುಗಿಸಿ ಈಗ ನೋಡಿದೆ. ನಾನು ಈ ಜಿಲ್ಲೆಯಲ್ಲೇ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯ, ಹೆಸರು ಬೇಡ.

ಮೊದಲು ಪುಡಿಯ ವಿಷಯ. ತದಡಿಯವರೇ, ಬೇಸರ ಮಾಡಿಕೊಳ್ಳಬೇಡಿ. ಎರಡೇ ದಿನಕ್ಕೆ ಬಾವು ಇಳಿಸುವ ಹೆಸರಿಲ್ಲದ ಪುಡಿಯಲ್ಲಿ ಬಹಳ ಸಲ ಇರುವುದು ಸ್ಟೆರಾಯ್ಡ್. ನಾವೂ ಸ್ಟೆರಾಯ್ಡ್ ಕೊಡುತ್ತೇವೆ, ಆದರೆ ಎಷ್ಟು, ಎಷ್ಟು ದಿನ, ಹೇಗೆ ಇಳಿಸುವುದು ಎಂಬ ಲೆಕ್ಕ ಇಟ್ಟು. ಲೆಕ್ಕವಿಲ್ಲದೆ ತಿಂಗಳುಗಟ್ಟಲೆ ತಿಂದರೆ ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ಹಾಗೆ ತಿಂದವರು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು. ನಿಮ್ಮತ್ತೆ ಈಗಲೂ ತಿನ್ನುತ್ತಿದ್ದರೆ ಹೆದರಿ ಬಿಸಾಕಬೇಡಿ, ಪುಡಿಯ ಪೊಟ್ಟಣ ಸಮೇತ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಈಗ ಸೋಂದೆಯವರಿಗೆ. ನೋಡದೆ ಕಾಯಿಲೆ ಹೇಳಲು ಬರುವುದಿಲ್ಲ. ಚಿಕನ್‌ಗುನ್ಯಾ ಆದಮೇಲೂ ತಿಂಗಳುಗಟ್ಟಲೆ ಗಂಟು ನೋವು ಉಳಿಯುತ್ತದೆ. ಆದರೆ ಬೆಳಗಿನ ಬಿಗಿತ ಒಂದೂವರೆ ತಾಸು, ಎರಡೂ ಕೈಯ ಸಣ್ಣ ಗಂಟುಗಳು, ಮೂರು ತಿಂಗಳು ಅಂದರೆ ಎರಡನೇ ಡಾಕ್ಟರ ಅನುಮಾನ ಸರಿಯೇ ಇದೆ. ರುಮಟಾಯ್ಡ್ ಎಂಬ ಸಂಧಿವಾತ ಆಗಿದ್ದರೆ ಮೊದಲ ಕೆಲವು ತಿಂಗಳಲ್ಲೇ ಔಷಧಿ ಶುರುವಾಗುವುದು ಮುಖ್ಯ, ಗಂಟು ಒಮ್ಮೆ ಸೊಟ್ಟಗಾದರೆ ಮಾತ್ರೆಯಿಂದ ನೇರವಾಗುವುದಿಲ್ಲ. ಹಾಗಂತ ಸ್ಪೆಷಲಿಸ್ಟ್ ಸಿಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ತಾಲೂಕು ಆಸ್ಪತ್ರೆಯ ಎಂ.ಡಿ. ಫಿಸಿಶಿಯನ್ ಕೂಡ ಇದರ ಚಿಕಿತ್ಸೆ ಶುರು ಮಾಡಬಲ್ಲರು. ಅವರನ್ನು ಈ ವಾರವೇ ಕಾಣಿ.

ಇನ್ನೊಂದು, ಯಾರೂ ಹೇಳುವುದಿಲ್ಲ. ಖಾಲಿ ಕೈಯಲ್ಲಿ ಸ್ಪೆಷಲಿಸ್ಟ್ ಹತ್ತಿರ ಹೋದರೆ ಅವರು ಮೊದಲ ದಿನ ರಕ್ತ ಪರೀಕ್ಷೆ ಬರೆದು ಕಳಿಸುತ್ತಾರೆ, ಅಲ್ಲಿಗೆ ನಿಮ್ಮ ಒಂದು ತಿಂಗಳು ಹೋಯಿತು. ಫಿಸಿಶಿಯನ್ ಹತ್ತಿರ ಬರೆಸಿಕೊಂಡು ಬಾವು, ಸಂಧಿವಾತ ಗುರುತಿಸುವ ಇಎಸ್‌ಆರ್, ಸಿಆರ್‌ಪಿ, ಆರ್‌ಎ ಫ್ಯಾಕ್ಟರ್, ಆಂಟಿ-ಸಿಸಿಪಿ, ರಕ್ತಕಣಗಳ ಎಣಿಕೆ, ಲಿವರ್, ಕಿಡ್ನಿಯ ಕ್ರಿಯಾಟಿನಿನ್, ಎದೆಯ ಎಕ್ಸ್‌ರೇ ಮೊದಲೇ ಮಾಡಿಸಿಟ್ಟುಕೊಳ್ಳಿ. ರಿಪೋರ್ಟ್ ಕೈಯಲ್ಲಿದ್ದರೆ ಅವತ್ತೇ ಔಷಧಿ. ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಬಂತೆಂದು ಗೂಗಲ್ ನೋಡಿ ಹೆದರಬೇಡಿ, ಅದು ಬೇರೆ ಕಾರಣಕ್ಕೂ ಬರುತ್ತದೆ.

ಒಂದೇ ಗಂಟು ಒಮ್ಮೆಲೇ ಕೆಂಪಾಗಿ ಬಿಸಿಯಾಗಿ, ಜ್ವರವೂ ಬಂದರೆ ನಂಬರು ಗಿಂಬರು ಎಂದು ಕಾಯಬೇಡಿ, ಅವತ್ತೇ ತುರ್ತು ವಿಭಾಗಕ್ಕೆ ಹೋಗಿ.


ಬೆಂಗಳೂರು ಬದಿಗೆ | ಸೋಮವಾರ ರಾತ್ರಿ 9:12

ಊರು ಬಿಟ್ಟು ಹದಿನಾಲ್ಕು ವರ್ಷವಾಯಿತು, ಊರಲ್ಲಿ ಇನ್ನೂ ಮೂವತ್ತೇಳು ಸಲ ಫೋನ್ ಹಚ್ಚುವುದೇ? ಇಲ್ಲಿ ಆ್ಯಪ್‌ನಲ್ಲಿ ಒತ್ತಿದರೆ ಸಂಜೆಗೆ ಸ್ಲಾಟ್. ಆಭಾ ನಂಬರು, ಅಂದರೆ ಸರ್ಕಾರದ ಆರೋಗ್ಯ ಗುರುತಿನ ಸಂಖ್ಯೆ, ಮಾಡಿಸಿಕೊಂಡರೆ ದೊಡ್ಡ ಸರ್ಕಾರಿ ಆಸ್ಪತ್ರೆಗಳ ಕೌಂಟರಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಫೋನಿನಲ್ಲೇ ಟೋಕನ್ ತೆಗೆದುಕೊಳ್ಳಬಹುದು, 2022ರಿಂದಲೇ ಇದೆ. ಇ-ಸಂಜೀವಿನಿಯಲ್ಲಿ ಮನೆಯಿಂದಲೇ ಡಾಕ್ಟರ ಹತ್ತಿರ ಮಾತಾಡಬಹುದು, ಪುಕ್ಕಟೆ. ನಮ್ಮವರು ಉಪಯೋಗಿಸುವುದಿಲ್ಲ ಅಷ್ಟೇ. ಅಕ್ಕಾ, ಹೆಚ್ಚು ಹಣ ಕೊಟ್ಟರೆ ಬೇಗ ನೋಡುವ ವ್ಯವಸ್ಥೆ ಕೆಲವು ಕಡೆ ಇರುತ್ತದೆ, ಕೇಳಿ ನೋಡಿ.


ಕೊನೆಕೊಯ್ಲು | ಸೋಮವಾರ ರಾತ್ರಿ 9:30

ಬಾವ, ಕ್ಯೂಆರ್ ಕೋಡ್ ಇರುವುದು ಕೌಂಟರಿನಲ್ಲಿ. ಕೌಂಟರು ಇರುವುದು ಪೇಟೆಯಲ್ಲಿ. ಪೇಟೆಗೆ ಹೋಗುವ ಬಸ್ಸು ಆರೂ ಮುಕ್ಕಾಲಿಗೆ. ಎಲ್ಲಿಂದ ಹೊರಟೆವೋ ಅಲ್ಲಿಗೇ ಬಂದೆವು.

ಹೆಚ್ಚು ಹಣ ಕೊಟ್ಟು ಮುಂದೆ ಹೋದರೆ ಹಿಂದೆ ಹೋಗುವವರು ಯಾರು ಎಂಬುದನ್ನೂ ಆ್ಯಪ್‌ನಲ್ಲಿ ತೋರಿಸುತ್ತಾರಾ?


ಬೆಂಗಳೂರು ಬದಿಗೆ | ಸೋಮವಾರ ರಾತ್ರಿ 9:34

ಸಹಾಯ ಮಾಡಲು ಬಂದವನಿಗೆ ಇದೇ ಮರ್ಯಾದೆ. ಇರಲಿ.


ಪಿಎಚ್‌ಸಿ ಡ್ಯೂಟಿ | ಸೋಮವಾರ ರಾತ್ರಿ 10:02

ಇ-ಸಂಜೀವಿನಿಯನ್ನು ತೆಗೆದುಹಾಕಬೇಡಿ, ಬೆಂಗಳೂರಿನವರು ಹೇಳಿದ್ದರಲ್ಲಿ ಅರ್ಥವಿದೆ. ಮನೆಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ನಿಮ್ಮ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ ಹತ್ತಿರ ಹೋಗಿ, ಅಲ್ಲಿಂದ ಜೋಡಿಸಿ ಕೊಡುತ್ತಾರೆ. ಹೊಸ ಗಂಟು ನೋವನ್ನು ಪರದೆ ಮೇಲೆ ಒತ್ತಿ ನೋಡಲಾಗುವುದಿಲ್ಲ ನಿಜ. ಆದರೆ ಶುರುವಾದ ಔಷಧಿಯ ಮುಂದಿನ ತಪಾಸಣೆ, ರಿಪೋರ್ಟ್ ತೋರಿಸುವುದು, ಬಿಪಿ, ಸಕ್ಕರೆಯ ಮಾತ್ರೆ ಹೊಂದಿಸುವುದು, ಇದಕ್ಕೆಲ್ಲ ಘಟ್ಟ ಇಳಿಯಬೇಕಾಗಿಲ್ಲ.


ಸದಾಶಿವಗಡ ಸಂಜೆ | ಮಂಗಳವಾರ ಬೆಳಿಗ್ಗೆ 7:15

ನಾನು ಕಾರವಾರದವನು, ನಿವೃತ್ತ. ಈ ಚರ್ಚೆ ನೋಡಿ ಎರಡು ಮಾತು ಬರೆಯಬೇಕೆನಿಸಿತು, ಉದ್ದವಾದರೆ ಕ್ಷಮಿಸಿ.

ಗೋವೆಯ ಬಾಂಬೋಳಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಬಹಳ ವರ್ಷ ನಮಗೆ ಮನೆಯ ಆಸ್ಪತ್ರೆಯಿದ್ದ ಹಾಗಿತ್ತು. ಗಡಿ ದಾಟಿದರೆ ಬೇರೆ ರಾಜ್ಯ ಎಂಬುದು ಕಾಯಿಲೆ ಬಂದವನ ತಲೆಯಲ್ಲಿ ಇರುವುದಿಲ್ಲ. 2018ರ ಜನವರಿಯಿಂದ ಗೋವೆಯವರಲ್ಲದವರಿಗೆ ಅಲ್ಲಿ ಶುಲ್ಕ ಶುರುವಾಯಿತು. ಅವರದ್ದು ತಪ್ಪೆನ್ನಲಾರೆ, ಅವರ ತೆರಿಗೆಯ ಹಣ. ಆದರೆ ಅಂದಿನಿಂದ ನಮ್ಮ ಮನೆಗಳಲ್ಲಿ "ಬಾಂಬೋಳಿಗೆ ಹೋಗೋಣವೇ?" ಎಂಬ ಪ್ರಶ್ನೆಯ ಜತೆ "ಎಷ್ಟಾಗಬಹುದು?" ಎಂಬುದೂ ಸೇರಿತು. 2024ರ ಆಗಸ್ಟ್ 7ರ ನಡುರಾತ್ರಿ ಗೋವೆಯ ದಾರಿಯಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದಾಗ ನನ್ನ ಮನೆಯವಳಿಗೆ ಮೊದಲು ಹೊಳೆದದ್ದು, ತನ್ನ ಕಣ್ಣಿನ ತಪಾಸಣೆಗೆ ಇನ್ನು ಹೋಗುವುದು ಹೇಗೆ ಎಂದು. ಹೊಸ ಸೇತುವೆ ಗಟ್ಟಿಯಿತ್ತು, ದಾರಿ ಉಳಿಯಿತು.

ಶಿರೂರು ಅಂದರೆ ನಮ್ಮ ಜಿಲ್ಲೆಯವರಿಗೆ ಎರಡು ಊರು, ಎರಡು ಜುಲೈ. ಬೈಂದೂರಿನ ಶಿರೂರಿನ ಟೋಲ್‌ಗೇಟಿನಲ್ಲಿ 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಮಗುಚಿ ನಾಲ್ವರು ಹೋದರು. ಅಂಕೋಲೆಯ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಜಾರಿ ಹೆದ್ದಾರಿಯನ್ನೂ ಮನುಷ್ಯರನ್ನೂ ಗಂಗಾವಳಿಗೆ ನೂಕಿತು. ಮೊದಲನೆಯದಾದ ಮೇಲೆ ಆಸ್ಪತ್ರೆ ಕೊಡದಿದ್ದರೆ ವೋಟಿಲ್ಲ ಎಂದು ಜಿಲ್ಲೆಯ ಹುಡುಗರು ಫೋನಿನಲ್ಲೇ ಚಳವಳಿ ಕಟ್ಟಿದ್ದು ನಿಮಗೆಲ್ಲ ನೆನಪಿರಬಹುದು. ನಾನೂ ನಾಲ್ಕು ಸಾಲು ಬರೆದಿದ್ದೆ. ಸೂಪರ್ ಸ್ಪೆಷಾಲಿಟಿ ಎಂಬ ಶಬ್ದ ಆಮೇಲೆ ಪ್ರತಿ ಚುನಾವಣೆಯ ಭಾಷಣಕ್ಕೂ ಬಂತು.

ಆದರೆ ಈ ತಾಯಿಯ ಕೈಬೆರಳಿಗೆ ಯಾರೂ ಆಂಬುಲೆನ್ಸ್ ಕರೆಯುವುದಿಲ್ಲ. ಇದು ಸುದ್ದಿಯಾಗದ ಕಾಯಿಲೆ. ಇಂಥದ್ದಕ್ಕೆ ಕಟ್ಟಡಕ್ಕಿಂತ ಮೊದಲು ಬೇಕಾದದ್ದು ತಿಂಗಳಲ್ಲಿ ನಾಲ್ಕು ದಿನ ಬರುವ ಒಬ್ಬ ವೈದ್ಯ.


ಉಳವಿ ದಾರಿ | ಮಂಗಳವಾರ ಬೆಳಿಗ್ಗೆ 8:48

ಜೋಯಿಡಾದಿಂದ ನಮಸ್ಕಾರ. ನಿಮ್ಮದೆಲ್ಲ ಓದಿ ನಾವು ಸುಮ್ಮನಿರುವುದೇ ಒಳ್ಳೆಯದು ಅನ್ನಿಸಿತು, ಆದರೂ ಬರೆಯುತ್ತೇನೆ.

ತಿಂಗಳ 9ನೇ ತಾರೀಕು ಬಸುರಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಸ್ಪೆಷಲ್ ತಪಾಸಣೆ ಇರುತ್ತದೆ, ಪುಕ್ಕಟೆ. 2016ರಿಂದ ದೇಶಕ್ಕೆಲ್ಲ ಇದೇ ತಾರೀಕು. ನನಗೆ ಇದರಲ್ಲಿ ಹಿಡಿಸಿದ್ದು ಏನೆಂದರೆ ಯಾರಿಗೂ ಫೋನ್ ಹಚ್ಚುವುದು ಬೇಡ. 9 ಅಂದರೆ 9. ಆಶಾ ಅಕ್ಕ ಹಿಂದಿನ ವಾರವೇ ಹಾಡಿಗೆ ಬಂದು ಹೇಳುತ್ತಾಳೆ, ಒಂದು ಟೆಂಪೋ ಮಾತಾಡಿಕೊಂಡು ಐದಾರು ಜನ ಒಟ್ಟಿಗೆ ಹೋಗುತ್ತಾರೆ. ನನ್ನ ಹೆಂಡತಿಯೂ ಹಾಗೇ ಹೋದದ್ದು.

ಸ್ಕ್ಯಾನಿಂಗ್ ಮಾತ್ರ ಅಲ್ಲಿ ಆಗಲಿಲ್ಲ. ಮಿಷನ್ ಇದೆ, ಅದಕ್ಕೆ ಗೌರಿ ಹಬ್ಬದ ಗೌರಿಯಂತೆ ಬಟ್ಟೆ ಹೊದಿಸಿಟ್ಟಿದ್ದರು. ಮಾಡುವ ಡಾಕ್ಟರ್ ಇಲ್ಲವಂತೆ.


ಪಿಎಚ್‌ಸಿ ಡ್ಯೂಟಿ | ಮಂಗಳವಾರ ಮಧ್ಯಾಹ್ನ 2:15

ಮಿಷನ್ ಇದ್ದೂ ಮುಟ್ಟಲಾಗದಿರುವುದಕ್ಕೆ ಕಾರಣವಿದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಪ್ರಕಾರ ನೋಂದಾಯಿತ ಜಾಗದಲ್ಲಿ, ತರಬೇತಾದ ವೈದ್ಯರೇ ಸ್ಕ್ಯಾನ್ ಮಾಡಬೇಕು. ಕಾಯ್ದೆ ಬೇಕೇ ಬೇಕು, ಅದರ ಬಗ್ಗೆ ತಕರಾರಿಲ್ಲ. ಆದರೆ ರೇಡಿಯಾಲಜಿಸ್ಟ್ ವರ್ಗವಾಗಿ ಹೋದ ಮರುದಿನ ಮಿಷನ್ ಪೀಠೋಪಕರಣವಾಗುತ್ತದೆ.

ಸರ್ಜರಿಯದೂ ಇದೇ ಕತೆ. ಅರಿವಳಿಕೆಯವರು ಇಲ್ಲದಿದ್ದರೆ ಸರ್ಜನ್ ಇದ್ದೂ ಇಲ್ಲ. ಸಮುದಾಯ ಆರೋಗ್ಯ ಕೇಂದ್ರ ಅಂದರೆ ಸರ್ಜನ್, ಫಿಸಿಶಿಯನ್, ಹೆರಿಗೆ, ಮಕ್ಕಳ ತಜ್ಞ, ನಾಲ್ವರು ಇರಬೇಕೆಂದು ಕಾಗದ ಹೇಳುತ್ತದೆ. ಗುಡ್ಡಗಾಡಿಗೆ 20,000 ಜನಕ್ಕೊಂದು ಪಿಎಚ್‌ಸಿ, ಬಯಲಿಗೆ 30,000ಕ್ಕೊಂದು. ಇದು ತಲೆ ಎಣಿಕೆ. ಇಡೀ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ 14.37 ಲಕ್ಷ, ವಿಸ್ತೀರ್ಣ ಹತ್ತು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು. ತಲೆ ಎಣಿಸಿದರೆ ನಾವು ಕಡಿಮೆ ಜನ. ಹೊಳೆ ಎಣಿಸಿದರೆ ಗೊತ್ತಾಗುತ್ತದೆ.


ಕೊನೆಕೊಯ್ಲು | ಮಂಗಳವಾರ ಮಧ್ಯಾಹ್ನ 2:40

ಡಾಕ್ಟ್ರೆ, ಒಂದು ಕೇಳುತ್ತೇನೆ, ಸಿಟ್ಟು ಮಾಡಬೇಡಿ. ಎಂಬಿಬಿಎಸ್ ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂದು 2012ರಲ್ಲೇ ಕಾಯ್ದೆ ಆಯಿತಲ್ಲ? ಕಾರವಾರದಲ್ಲಿ 2016ರಿಂದ ಮೆಡಿಕಲ್ ಕಾಲೇಜೂ ಇದೆ. ಅಲ್ಲಿ ಕಲಿತವರು ಎಲ್ಲಿ ಹೋಗುತ್ತಾರೆ? ನಮ್ಮ ಬದಿಗೆ ಮಂಗನ ಕಾಯಿಲೆ ಬಂದಾಗ ಮಾತ್ರ ಜೀಪು ತುಂಬ ಬರುತ್ತಾರೆ, ಉಣ್ಣೆ ಹುಳ ಕಚ್ಚದ ತಿಂಗಳಲ್ಲಿ ನಮಗೆ ಕಾಯಿಲೆಯೇ ಬರುವುದಿಲ್ಲವೋ?


ಪಿಎಚ್‌ಸಿ ಡ್ಯೂಟಿ | ಮಂಗಳವಾರ ರಾತ್ರಿ 11:20

ಸಿಟ್ಟಿಲ್ಲ. ಒಂದು ವರ್ಷದ ಸೇವೆಗೆ ಬಂದವನು ಮೊದಲ ಮೂರು ತಿಂಗಳು ಊರು ಕಲಿಯುತ್ತಾನೆ, ಕೊನೆಯ ಮೂರು ತಿಂಗಳು ಪಿ.ಜಿ. ಪರೀಕ್ಷೆಗೆ ಓದುತ್ತಾನೆ. ನಾನೂ ಹಾಗೇ ಮಾಡಿದ್ದೆ, ಸುಳ್ಳು ಹೇಳಲಾರೆ. ಓದಿದ ಮೇಲೆ ತಿರುಗಿ ಬಂದೆ, ಕಾರಣ ನನ್ನ ಮನೆಯವಳಿಗೆ ಇಲ್ಲೇ ಕೆಲಸ ಸಿಕ್ಕಿತು. ಅವಳಿಗೆ ಸಿಗದಿದ್ದರೆ ನಾನು ಇರುತ್ತಿದ್ದೆನೇ ಎಂದು ಕೇಳಬೇಡಿ. ಇವತ್ತು ಓಪಿಡಿ 94, ಸಂಜೆ ಒಂದು ಹಾವು ಕಡಿತ. ಮಲಗುತ್ತೇನೆ.


ಚೀಟಿ ಬರೆದವಳು | ಬುಧವಾರ ಬೆಳಿಗ್ಗೆ 10:30

ಹನ್ನೊಂದು ವರ್ಷ ಒಂದು ಖಾಸಗಿ ಆಸ್ಪತ್ರೆಯ ಕೌಂಟರಿನಲ್ಲಿ ಕೂತವಳು ನಾನು. ಈಗ ಬಿಟ್ಟಿದ್ದೇನೆ, ಹಾಗಾಗಿ ಬಾಯಿ ಬಿಡಬಹುದು.

ಫೋನ್ ಎತ್ತುವ ಹುಡುಗಿಗೆ ಎಲ್ಲರೂ ಬೈಯುತ್ತೀರಿ. ಆಕೆಯ ಎದುರಿಗೆ ಏನಿರುತ್ತದೆ ಗೊತ್ತೇ? ಒಂದು ವಹಿ, ಒಂದೇ ಫೋನು, ಗಾಜಿನಾಚೆ ನಲವತ್ತು ಮುಖ. ವಿಸಿಟಿಂಗ್ ಡಾಕ್ಟರು ಬರುವ ವಾರ ನಮ್ಮಲ್ಲಿ ಇಪ್ಪತ್ತೈದು ನಂಬರು ಹತ್ತೇ ನಿಮಿಷದಲ್ಲಿ ತುಂಬುತ್ತಿತ್ತು. ಅವತ್ತು ಬರುವವರು ಹದಿನೆಂಟು. ಉಳಿದ ಏಳು ಜನ ಫೋನ್ ಮಾಡಿ ಬರುವುದಿಲ್ಲ ಎಂದೂ ಹೇಳುವುದಿಲ್ಲ. ಯಾಕೆ? ಕುಮಟಾದಲ್ಲೂ ಬರೆಸಿ, ಮಣಿಪಾಲದಲ್ಲೂ ಬರೆಸಿ, ಹುಬ್ಬಳ್ಳಿಯಲ್ಲೂ ಬರೆಸಿರುತ್ತಾರೆ. ಎಲ್ಲಿ ಮೊದಲು ಸಿಕ್ಕಿತೋ ಅಲ್ಲಿ ತೋರಿಸಿ ಮನೆಗೆ. ಹೋಗದೆ ಬಿಟ್ಟ ಎರಡು ಕಡೆ ಕುರ್ಚಿ ಖಾಲಿ, ಹೊರಗೆ ಸೋಂದೆಯ ಅಕ್ಕ ಮೂವತ್ತೇಳು ಸಲ ಫೋನ್ ಹಚ್ಚುತ್ತಿರುತ್ತಾರೆ.

ಇನ್ನು ವಶೀಲಿ. ಒಂದೇ ಬೆಳಿಗ್ಗೆ ಮೂವರು ನನ್ನ ಎದುರು ನಿಂತು ತಾವು ಡಾಕ್ಟರ ಮಾವನ ಮನೆ ಕಡೆಯವರೆಂದಿದ್ದರು. ಡಾಕ್ಟರಿಗೆ ಆಗ ಮದುವೆಯೇ ಆಗಿರಲಿಲ್ಲ.

ಅಕ್ಕಾ, ಹೀಗೆ ಮಾಡಿ. ಹೆಚ್ಚಿನ ಕಡೆ ಭಾನುವಾರದ ವಿಸಿಟ್ ಇದ್ದರೆ ಶುಕ್ರವಾರ ಬರೆಸಿದವರಿಗೆಲ್ಲ ಫೋನ್ ಮಾಡಿ ಬರುವುದು ಖಾತ್ರಿಯೋ ಎಂದು ಕೇಳುತ್ತಾರೆ. ಶುಕ್ರವಾರ ಸಂಜೆ ಐದರ ಮೇಲೆ ಫೋನ್ ಹಚ್ಚಿ. ಯಾರಾದರೂ ಬಿಟ್ಟರೇ ಎಂದು ಕೇಳಿ. ಹೆಸರು ಕಾಯುವ ಪಟ್ಟಿಯಲ್ಲಿ ಬರೆದುಕೊಳ್ಳಿ ಎಂದು ಬಾಯಿಬಿಟ್ಟು ಹೇಳಿ, ಕೇಳದವರಿಗೆ ನಾವು ಹೇಳುವುದಿಲ್ಲ. ಘಟ್ಟದ ಮೇಲಿನವರು, ಹನ್ನೊಂದರ ಮೇಲೆ ಆಗುವ ನಂಬರು ಕೊಡಿ ಎನ್ನಿ. ನಂಬರು ಕೊಡುವ ಹುಡುಗಿಗೆ ನೀವು ಎಲ್ಲಿಂದ ಬರುತ್ತೀರೆಂದು ಗೊತ್ತಿರುವುದಿಲ್ಲ. ಪೇಟೆಯವರಿಗೆ ಹದಿನೈದು, ಸೋಂದೆಯವರಿಗೆ ಎರಡು ಬಂದಿರುತ್ತದೆ. ಬದಲಿಸಲು ಒಂದು ಪೆನ್ ಗೀಟು ಸಾಕು.


ತದಡಿ ಬಂದರ | ಬುಧವಾರ ಸಂಜೆ 5:05

ಚೀಟಿ ಅಕ್ಕಾ, ನೀವು ನನ್ನನ್ನೇ ನೋಡಿ ಬರೆದ ಹಾಗಿದೆ. ನಮ್ಮತ್ತೆಗೆ ಈ ಭಾನುವಾರದ ಅದೇ ಡಾಕ್ಟರದ್ದು ನಂಬರು ಬರೆಸಿಟ್ಟಿದ್ದೆ, ಮಂಗಳೂರಲ್ಲೂ ಶನಿವಾರಕ್ಕೆ ಸಿಕ್ಕಿತ್ತು. ರೈಲಿಗೆ ಕರೆದುಕೊಂಡು ಹೋಗೂದು ಅಂತ ಆಗಿದೆ. ಇದನ್ನು ಬಿಡಬೇಕು ಅಂತ ತಲೆಗೇ ಹೊಳೆದಿರಲಿಲ್ಲ. ಈಗ ಫೋನ್ ಮಾಡಿ ಬಿಟ್ಟೆ. ಸೋಂದೆ ಅಕ್ಕನ ಹೆಸರಿಗೆ ಕೊಡಿ ಅಂದೆ, ಹಾಗೆಲ್ಲ ಕೊಡೂಕೆ ಬರೂದಿಲ್ಲ, ಪಟ್ಟಿ ಇದೆ ಅಂದರು.

ಪುಡಿ ಪೊಟ್ಟಣ ಸಮೇತ ಕರೆದುಕೊಂಡು ಹೋಗ್ತೆ ಡಾಕ್ಟ್ರೆ. ಅತ್ತೆಗೆ ಸಕ್ಕರೆ ಈಗ 290 ಇದೆ. ಎಲ್ಲಿಂದ ಬಂತು ಅಂತ ಎಲ್ಲರೂ ಯೋಚನೆ ಮಾಡ್ತಿದ್ವಿ.


ಅರ್ಬೈಲ್ ತಿರುವು | ಗುರುವಾರ ಬೆಳಿಗ್ಗೆ 9:50

ನನ್ನ ಅನುಭವ: [ಅಳಿಸಲಾಗಿದೆ] ಆಸ್ಪತ್ರೆಯಲ್ಲಿ ಬಿಪಿಎಲ್ ಕಾರ್ಡಿದ್ದರೂ ರೆಫರಲ್ ಇಲ್ಲವೆಂದು ಆಪರೇಶನ್ನಿಗೆ ಹಣ ಕಟ್ಟಿಸಿಕೊಂಡರು. ಕಳ್ಳರು.


ನಿರ್ವಾಹಕ | ಗುರುವಾರ ಬೆಳಿಗ್ಗೆ 10:10

ಆಸ್ಪತ್ರೆಯ ಹೆಸರು ತೆಗೆದಿದ್ದೇನೆ. ಏನಾಯಿತೆಂದು ಬರೆಯಿರಿ, ಯಾರದ್ದೆಂದು ಬೇಡ.


ಪಿಎಚ್‌ಸಿ ಡ್ಯೂಟಿ | ಗುರುವಾರ ಮಧ್ಯಾಹ್ನ 1:45

ಅರ್ಬೈಲಿನವರೇ, ಇದು ಬಹಳ ಜನರಿಗೆ ಆಗುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ. 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ಆಗಬೇಕಾದ ಚಿಕಿತ್ಸೆಗೆ ಮೊದಲು ಅಲ್ಲಿಗೇ ಹೋಗಬೇಕು. ಅಲ್ಲಿ ಆಗದಿದ್ದರೆ ಅವರು ರೆಫರಲ್ ಬರೆದುಕೊಡುತ್ತಾರೆ, ಅದನ್ನು ಹಿಡಿದು ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗುವುದು. ಮೊದಲು ಖಾಸಗಿಗೆ ಹೋಗಿ ಅಡ್ಮಿಟ್ ಆಗಿ ಆಮೇಲೆ ರೆಫರಲ್ ಕೇಳಿದರೆ ತೊಡಕು. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ರೆಫರಲ್ ಬೇಡ.

ಅದೇ ರೀತಿ, ಎದೆನೋವು ಬಂದರೆ ಹೃದಯದ ಸ್ಪೆಷಲಿಸ್ಟ್ ಎಲ್ಲಿದ್ದಾರೆಂದು ಹುಡುಕಿ ಮಣಿಪಾಲಕ್ಕೆ ಓಡಬೇಡಿ. ಮೊದಲು ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಆ ಇಸಿಜಿಯನ್ನು ದೊಡ್ಡ ಆಸ್ಪತ್ರೆಯವರು ಅಲ್ಲಿಂದಲೇ ನೋಡುತ್ತಾರೆ, ಬೇಕಾದರೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಪುಕ್ಕಟೆ ಕೊಡುತ್ತಾರೆ. ಆಮೇಲೆ ಮುಂದಿನ ಪ್ರಯಾಣ.


ಕೊನೆಕೊಯ್ಲು | ಗುರುವಾರ ಮಧ್ಯಾಹ್ನ 2:30

ಇದು ಗೊತ್ತಿರಲಿಲ್ಲ. ನಮ್ಮ ಅಡುಗೆಮನೆ ಗೋಡೆಗೆ ಬರೆದು ಅಂಟಿಸುತ್ತೇನೆ. ತಮಾಷೆಯಲ್ಲ.


ಸೋಂದೆ ಹೊಳೆ | ಶುಕ್ರವಾರ ಸಂಜೆ 6:22

ಸಿಕ್ಕಿತು! ಹದಿನಾಲ್ಕನೇ ನಂಬರು. ಐದೂ ಹತ್ತಕ್ಕೆ ಹಚ್ಚಿದೆ, ಎರಡನೇ ಸಲಕ್ಕೇ ಎತ್ತಿದರು. ತದಡಿ ಅಣ್ಣ ಬಿಟ್ಟದ್ದೇ ನನಗೆ ಬಂತೋ ಬೇರೆ ಯಾರದ್ದೋ ಗೊತ್ತಿಲ್ಲ. ಮೂವರು ಬಿಟ್ಟಿದ್ದರಂತೆ. ಬುಧವಾರ ಶಿರಸಿಯಲ್ಲಿ ಫಿಸಿಶಿಯನ್ ನೋಡಿ ರಕ್ತ ಪರೀಕ್ಷೆ ಬರೆದಿದ್ದರು, ಆಂಟಿ-ಸಿಸಿಪಿ ಮಾತ್ರ ಹೊರಗೆ ಕಳಿಸಿದ್ದು ಇವತ್ತು ಬಂತು. ಆಯಿ ಈಗಾಗಲೇ ಯಾವ ಸೀರೆ ಉಡುವುದು ಎಂದು ಕೇಳುತ್ತಿದ್ದಾಳೆ. ಎಂತೂ ಆಗದವಳು.


ಸೋಂದೆ ಹೊಳೆ | ಭಾನುವಾರ ರಾತ್ರಿ 9:58

ಬಂದು ಮುಟ್ಟಿದೆವು. ಬೆಳಿಗ್ಗೆ ಭಾವನ ಓಮ್ನಿಯಲ್ಲಿ ಐದಕ್ಕೆ ಹೊರಟದ್ದು. ದೇವಿಮನೆ ಘಟ್ಟದಲ್ಲಿ ಕೆಲಸ ನಡೆದಿದೆ, ಬಿಡುತ್ತಾರೋ ಇಲ್ಲವೋ ಅಂತ ಸಿದ್ದಾಪುರ, ದೊಡ್ಮನೆ ಘಟ್ಟ ಸುತ್ತಿ ಇಳಿದೆವು. ಆಯಿಗೆ ಎರಡು ಸಲ ವಾಂತಿ. ಆಸ್ಪತ್ರೆ ಮುಟ್ಟಿದಾಗ ಒಂಬತ್ತಾಗಿತ್ತು. ಡಾಕ್ಟರು ಬರುವ ರೈಲು ತಡ. ನಮ್ಮ ನಂಬರು ಬಂದದ್ದು ಎರಡೂ ಹತ್ತಕ್ಕೆ, ಒಳಗೆ ಇದ್ದದ್ದು ಏಳೆಂಟು ನಿಮಿಷ.

ಆದರೆ ಆ ಏಳೆಂಟು ನಿಮಿಷದಲ್ಲಿ ಅವರು ಇಪ್ಪತ್ತು ಗಂಟುಗಳಿಗಿಂತ ಹೆಚ್ಚು ಒತ್ತಿ ನೋಡಿದರು, ರಿಪೋರ್ಟ್ ಎಲ್ಲ ಒಟ್ಟಿಗೇ ಇದೆಯಲ್ಲ ಅಂತ ಖುಷಿಪಟ್ಟರು. ಪಿಎಚ್‌ಸಿ ಡಾಕ್ಟ್ರೆ, ಅದು ನಿಮಗೆ. ರುಮಟಾಯ್ಡೇ. ಔಷಧಿ ಇವತ್ತೇ ಶುರು. ಒಂದು ಮಾತ್ರೆ ವಾರಕ್ಕೊಂದೇ ದಿನ, ಮರೆತು ದಿನಾ ತೆಗೆದುಕೊಂಡರೆ ಅಪಾಯ ಎಂದು ಮೂರು ಸಲ ಹೇಳಿದರು. ಆಯಿಯ ಪಂಚಾಂಗದಲ್ಲಿ ಏಕಾದಶಿಗೆ ಹಾಕುವ ಹಾಗೆ ಭಾನುವಾರಗಳಿಗೆಲ್ಲ ಕೆಂಪು ಸುತ್ತು ಹಾಕಿದ್ದೇನೆ. ಪರಿಣಾಮ ಕಾಣಲು ಕೆಲವು ವಾರ ಬೇಕಂತೆ. ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆ, ಮತ್ತೆ ತೋರಿಸಬೇಕು.

ಮುಂದಿನ ತಾರೀಕು ಈಗಲೇ ಬರೆದುಕೊಳ್ಳಿ ಎಂದೆ. ಹಾಗೆ ಬರೆದುಕೊಳ್ಳುವುದಿಲ್ಲವಂತೆ. ಹಳೆಯ ಪೇಶಂಟಾದರೂ ಮೊದಲ ಸೋಮವಾರ ಹತ್ತಕ್ಕೆ ಫೋನ್ ಮಾಡಬೇಕು.


ಚೀಟಿ ಬರೆದವಳು | ಭಾನುವಾರ ರಾತ್ರಿ 10:20

ಅದೊಂದು ನಮ್ಮಲ್ಲೂ ಇತ್ತು. ಹನ್ನೊಂದು ವರ್ಷದಲ್ಲಿ ನಾಲ್ಕು ಸಲ ಮ್ಯಾನೇಜರಿಗೆ ಹೇಳಿದ್ದೆ, ಇಪ್ಪತ್ತೈದರಲ್ಲಿ ಎಂಟು ಹಳಬರಿಗೆ ತೆಗೆದಿಡೋಣ ಎಂದು. ಬರವಣಿಗೆಯಲ್ಲಿ ಕೊಡಿ ಅಂದರು. ಬರವಣಿಗೆಯಲ್ಲೂ ಕೊಟ್ಟೆ. ಅಕ್ಕಾ, ನೀವೂ ಒಂದು ಕಾಗದ ಬರೆದು ಕೊಡಿ. ಪೇಶಂಟ್ ಬರೆದದ್ದಕ್ಕೆ ಬೆಲೆ ಬೇರೆ.


ತದಡಿ ಬಂದರ | ಭಾನುವಾರ ರಾತ್ರಿ 10:41

ನಮ್ಮತ್ತೆದು ಪುಡಿಯಲ್ಲಿ ಸ್ಟೆರಾಯ್ಡೇ ಇರಬೇಕು ಅಂದರು ಮಂಗಳೂರಲ್ಲಿ. ನಿಧಾನ ಇಳಿಸೂಕೆ ಮಾತ್ರೆ ಕೊಟ್ಟಿದ್ದಾರೆ. ಮುಂದಿನ ಸಲ ಅಷ್ಟು ದೂರ ಬೇಡ, ಕುಮಟಾಕ್ಕೇ ಬರುವವರಿಗೆ ತೋರಿಸಿ ಅಂತ ಚೀಟಿ ಬರೆದರು. ನಾನು ಬಿಟ್ಟ ನಂಬರಿಗೆ ನಾನೇ ಫೋನ್ ಹಚ್ಚಬೇಕು ಈಗ.


ಕೊನೆಕೊಯ್ಲು | ಭಾನುವಾರ ರಾತ್ರಿ 10:50

ಸೋಂದೆಯವರೇ, ನನ್ನ ಚಿಕ್ಕಮ್ಮನಿಗೂ ಇದೇ ಡಾಕ್ಟರು ಬೇಕು. ಮುಂದಿನ ತಿಂಗಳು ನೀವು ಸಿದ್ದಾಪುರದ ಮೇಲೇ ಇಳಿಯುವುದಾದರೆ ಓಮ್ನಿಯಲ್ಲಿ ಜಾಗ ಇದೆಯೇ? ಡೀಸೆಲ್ಲೋ ಪೆಟ್ರೋಲೋ, ಅರ್ಧ ನನ್ನದು.


ಸೋಂದೆ ಹೊಳೆ | ಭಾನುವಾರ ರಾತ್ರಿ 11:03

ಎರಡು ಸೀಟು ಖಾಲಿ. ಪೆಟ್ರೋಲು. ಸಿದ್ದಾಪುರ ಸರ್ಕಲ್ಲಿಗೆ ಆರರೊಳಗೆ ಬಂದು ನಿಂತಿರಬೇಕು. ಚಿಕ್ಕಮ್ಮನಿಗೆ ವಾಂತಿ ಬರುತ್ತದೆಯೇ? ಆಯಿ ಕಿಟಕಿ ಬಿಟ್ಟುಕೊಡುವುದಿಲ್ಲ.